ಮೊದಲನೇ ಮೆಕ್‌ಡೊನಾಲ್ಡ್ಸ್ ನೋಡೋಕೆ ಹೋಗೋರು ಸ್ಯಾನ್ ಬರ್ನಾರ್ಡಿನೋದಲ್ಲಿ ರೂಮ್ ಮಾಡ್ಬೇಡಿ

ಮೊದಲೇ ಹೇಳ್ಬಿಡ್ತೀನಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋಗೆ ಪ್ರಪಂಚದ ಮೊದಲನೇ ಮೆಕ್‌ಡೊನಾಲ್ಡ್ಸ್ ನೋಡೋಣ ಅಂತ ಹೋದ್ರೆ ಅಲ್ಲಿ ಹೋಟ್ಲೇ ಇಲ್ಲ. ಒಂದು ಲೋಟ ಕಾಫಿನೂ ಸಿಗಲ್ಲ. ಜಾಗ ಅದೇ, ಇ ಸ್ಟ್ರೀಟು 14ನೇ ಸ್ಟ್ರೀಟು ಸೇರೋ ಮೂಲೆ, ಆದ್ರೆ ಹಳೇ ಕಟ್ಟಡನ 1970ರ ದಶಕದ ಶುರುವಲ್ಲೇ ಕೆಡವಿದಾರೆ, ಈಗಿರೋದು ಒಂದು ಮ್ಯೂಸಿಯಂ. ಇದು ಗೊತ್ತಿಲ್ದೆ ನಾವು ಬೆಳಗ್ಗೆ ಎರಡು ಬ್ರೆಡ್ ತಿಂದು, ಮಿಕ್ಕಿದ್ದು ಅಲ್ಲೇ ತಿಂದ್ರಾಯ್ತು ಅಂದ್ಕೊಂಡು ಹೋಗಿ ಆಗಸ್ಟ್ ತಿಂಗಳ ಬಿಸಿಲಲ್ಲಿ ನಿಂತಿದ್ವಿ. ಆ ಕಡೆ ಆಗಸ್ಟ್ ಅಂದ್ರೆ 38, 40 ಡಿಗ್ರಿ ಮಾಮೂಲು, ರಾಯಚೂರು ಬೇಸಿಗೆ ಥರ, ಆದ್ರೆ ಬೆವರೇ ಬರಲ್ಲ, ಗಂಟಲು ಒಣಗಿ ಹೋಗುತ್ತೆ. ನೀರಿನ ಬಾಟ್ಲಿ ಇಬ್ಬರಿಗೆ ಎರಡಲ್ಲ, ನಾಲ್ಕು ಇಟ್ಕೊಳ್ಳಿ.

ನಾನ್ಯಾಕೆ ಅಷ್ಟು ದೂರ ಒಂದು ಬರ್ಗರ್ ಹೋಟ್ಲು ಜಾಗ ನೋಡೋಕೆ ಹೋದೆ ಅಂತ ಮಗಳೂ ಕೇಳಿದ್ಲು. ಡಿಸ್ನಿಲ್ಯಾಂಡ್ ಟಿಕೆಟ್ ತೆಗೀತೀನಿ ಅಪ್ಪ ಅಂದ್ಲು, ನಾನು ಒಪ್ಪಲಿಲ್ಲ. ನಾನು ನನ್ನ ತಮ್ಮ ಸೇರಿ ಬಿ.ಎಚ್. ರೋಡಲ್ಲಿ 24 ವರ್ಷ ಹೋಟ್ಲು ನಡೆಸಿದೋರು. ಇಡ್ಲಿ, ವಡೆ, ದೋಸೆ, ರೈಸ್‌ಬಾತು, ಮಧ್ಯಾಹ್ನ ಊಟ, ಬಸ್ಸಿನವ್ರು ಲಾರಿಯವ್ರು ನಿಲ್ಸೋ ಹೋಟ್ಲು. ರಸ್ತೆ ಪಕ್ಕ ಹೋಟ್ಲು ನಡೆಸೋದು ಅಂದ್ರೆ ಏನು ಅಂತ ನಂಗೆ ಚೆನ್ನಾಗಿ ಗೊತ್ತು. ಅಣ್ಣ ತಮ್ಮ ಇಬ್ಬರು ಸೇರಿ ಶುರು ಮಾಡಿದ ರೋಡ್ ಸೈಡ್ ಹೋಟ್ಲು ಇಡೀ ಪ್ರಪಂಚಕ್ಕೆ ಹಬ್ತು, ಆದ್ರೆ ಅವರ ಕೈಲೇ ಉಳೀಲಿಲ್ಲ ಅಂತ ಅಳಿಯ ಒಂದಿನ ಊಟ ಮಾಡ್ತಾ ಹೇಳಿದಾಗಿಂದ ಅದು ತಲೇಲಿ ಕೂತಿತ್ತು.

ಹೋಗೋದು ಹೇಗೆ ಅಂದ್ರೆ, ಕಾರಿಲ್ಲದಿದ್ರೂ ಆಗುತ್ತೆ. ಲಾಸ್ ಏಂಜಲೀಸ್ ಯೂನಿಯನ್ ಸ್ಟೇಷನ್ನಿಂದ ಮೆಟ್ರೊಲಿಂಕ್ ಟ್ರೈನಲ್ಲಿ ಸ್ಯಾನ್ ಬರ್ನಾರ್ಡಿನೋ ಲೈನು ಅಂತಾನೇ ಇದೆ, ಸುಮಾರು ಒಂದೂವರೆ ಗಂಟೆ. ಟ್ರೈನು ಖಾಲಿ, ಕ್ಲೀನು, ಮೇಲಿನ ಅಂತಸ್ತಲ್ಲಿ ಕೂತ್ರೆ ಎಡಗಡೆ ಬೆಟ್ಟ ಕಾಣುತ್ತೆ. ಜನ ಗಿಜಿಗುಟ್ಟೋ ಜಾಗ ನಂಗೆ ಆಗಿಬರಲ್ಲ, ಹಂಗಾಗಿ ನಂಗಂತೂ ಈ ಟ್ರೈನು ಬಹಳ ಹಿಡಿಸ್ತು. ಕೊನೇ ಸ್ಟಾಪಲ್ಲಿ ಇಳಿದು ಕ್ಯಾಬ್ ಮಾಡಿದ್ರೆ ಹತ್ತು ನಿಮಿಷಕ್ಕೆ ಮ್ಯೂಸಿಯಂ. ನಡ್ಕೊಂಡು ಹೋಗ್ತೀನಿ ಅನ್ಬೇಡಿ, ಆ ಬಿಸಿಲಿಗೆ ರಸ್ತೇಲಿ ನೆರಳೇ ಇಲ್ಲ, ಅಂಗಡಿಗಳೂ ಬಹಳ ಮುಚ್ಚಿವೆ.

ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ, ಫ್ರೀ. ಆಶ್ಚರ್ಯ ಏನಪ್ಪಾ ಅಂದ್ರೆ ಇದನ್ನ ನಡೆಸ್ತಿರೋದು ಮೆಕ್‌ಡೊನಾಲ್ಡ್ಸ್ ಕಂಪ್ನಿ ಅಲ್ಲವೇ ಅಲ್ಲ. ಹ್ವಾನ್ ಪೊಯೊ ಅಂತ ಆ ಕಡೆ ಕೋಳಿ ಸುಟ್ಟು ಮಾರೋ ಹೋಟ್ಲುಗಳಿವೆ, ಅದರ ಮಾಲೀಕ ಆಲ್ಬರ್ಟ್ ಒಕುರಾ ಅನ್ನೋರು 1998ರಲ್ಲಿ ಈ ಜಾಗ ಮಾರಾಟಕ್ಕೆ ಬಂದಿದೆ ಅಂತ ಗೊತ್ತಾಗಿ 1,35,000 ಡಾಲರ್ ಕೊಟ್ಟು ತಗೊಂಡು, ಒಂದು ಭಾಗದಲ್ಲಿ ತಮ್ಮ ಆಫೀಸು, ಇನ್ನೊಂದು ಭಾಗದಲ್ಲಿ ಈ ಮ್ಯೂಸಿಯಂ ಮಾಡಿದ್ರು. 2023ರಲ್ಲಿ ತೀರ್ಕೊಂಡ್ರು. ಬೇರೆ ಹೋಟ್ಲಿನೋರ ಹೆಸರು ಉಳಿಸೋಕೆ ತನ್ನ ದುಡ್ಡು ಹಾಕಿದ ಹೋಟ್ಲಿನೋನು, ನಮ್ಮ ಕಸುಬಲ್ಲಿ ಇಂಥೋರನ್ನ ನಾನು ನೋಡಿಲ್ಲ, ನಿಜವಾಗ್ಲೂ ಕೈ ಮುಗಿಯಂಗಾಯ್ತು.

ಒಳಗಡೆ ಆಟದ ಸಾಮಾನು, ಹಳೇ ಲೋಟ, ಬೊಂಬೆ, ಯೂನಿಫಾರಂ, ಪೇಪರ್ ಕಟಿಂಗು ತುಂಬಿ ತುಳುಕ್ತಿವೆ. ಬಹಳಷ್ಟು ಆಮೇಲಿನ ಕಾಲದ್ದು, ಮಕ್ಕಳಿಗೆ ಖುಷಿ ಆಗುತ್ತೆ. ನೀವು ನನ್ನ ಹಾಗೆ ಶುರುವಿನ ಕತೆಗೆ ಬಂದಿದ್ರೆ ಹಳೇ ಫೋಟೋಗಳ ಹತ್ರ ನಿಂತ್ಕೊಳ್ಳಿ, ಹೊರಗಡೆ ಹಳೇ ಬೋರ್ಡಿನ ಭಾಗ ಉಳಿದಿದೆ ಅದನ್ನ ನೋಡಿ. ಒಂದು ಗಂಟೆ ಸಾಕು. ನಾನು ಎರಡು ಗಂಟೆ ಇದ್ದೆ, ನನ್ನ ಹೆಂಡ್ತಿ ಕುರ್ಚಿ ಹುಡುಕ್ಕೊಂಡು ಕೂತ್ಕೊಂಡ್ಲು.

ಕತೆ ಏನು ಅಂದ್ರೆ, ಮಾರಿಸ್ ಮತ್ತೆ ರಿಚರ್ಡ್ ಮೆಕ್‌ಡೊನಾಲ್ಡ್ ಅಂತ, ಮ್ಯಾಕ್, ಡಿಕ್ ಅಂತ ಕರೀತಿದ್ರು, ಅಮೆರಿಕಾದ ಆ ತುದಿ ನ್ಯೂ ಹ್ಯಾಂಪ್‌ಶೈರ್‌ನಿಂದ ಈ ತುದಿಗೆ ಕೆಲಸ ಹುಡುಕ್ಕೊಂಡು ಬಂದೋರು. ಸಿನಿಮಾ ಸ್ಟುಡಿಯೋದಲ್ಲಿ ಸೆಟ್ ಎಳೆಯೋ ಕೆಲಸ ಮಾಡಿದ್ರು, ಆಮೇಲೆ ಒಂದು ಥಿಯೇಟರ್ ನಡೆಸಿದ್ರು, ಅದು ಕೈ ಹಿಡೀಲಿಲ್ಲ. 1937ರಲ್ಲಿ ಅವರಪ್ಪ ಮನ್ರೋವಿಯಾ ಏರ್‌ಪೋರ್ಟ್ ಹತ್ರ ರೂಟ್ 66 ರಸ್ತೆ ಪಕ್ಕ ಏರ್‌ಡ್ರೋಮ್ ಅಂತ ಒಂದು ತಿಂಡಿ ಅಂಗಡಿ ಹಾಕಿದ್ರು. 1940ರಲ್ಲಿ ಆ ಕಟ್ಟಡನೇ ಸಾಗಿಸಿಕೊಂಡು ಬಂದು ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ಸ್ ಬಾರ್ಬೆಕ್ಯೂ ಅಂತ ಶುರು ಮಾಡಿದ್ರು. ಕಾರಲ್ಲಿ ಬರೋರು ಕಾರಲ್ಲೇ ಕೂತಿರ್ತಾರೆ, ಸುಮಾರು 20 ಜನ ಹುಡ್ಗೀರು ಕಾರ್ ಹತ್ರ ಬಂದು ಆರ್ಡರ್ ತಗೊಂಡು ಟ್ರೇ ತಂದ್ಕೊಡೋದು, ಮೆನುನಲ್ಲಿ 25 ಐಟಂ. ವ್ಯಾಪಾರ ಜೋರು. ಆದ್ರೆ ತಟ್ಟೆ ಲೋಟ ಒಡೆಯೋದು, ಕಳ್ಳತನ ಆಗೋದು, ಕೆಲಸದೋರು ನಿಲ್ಲದೇ ಇರೋದು, ಪಡ್ಡೆ ಹುಡುಗ್ರು ಬಂದು ಠಿಕಾಣಿ ಹೂಡೋದು, ಅದಕ್ಕೆ ಸಂಸಾರಸ್ಥರು ಬರದೇ ಇರೋದು. ಇದನ್ನ ಓದ್ತಾ ನನ್ನ ಹೋಟ್ಲೇ ಕಣ್ಮುಂದೆ ಬಂತು.

ಲೆಕ್ಕ ತೆಗೆದು ನೋಡಿದ್ರೆ ಮಾರಾಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹ್ಯಾಂಬರ್ಗರೇ. ಆಗ ಅವರು ಏನ್ ಮಾಡಿದ್ರು ಗೊತ್ತಾ, 1948ರಲ್ಲಿ ಚೆನ್ನಾಗಿ ನಡೀತಿರೋ ಹೋಟ್ಲನ್ನ ಮೂರು ತಿಂಗಳು ಬಾಗ್ಲು ಹಾಕಿದ್ರು. ನಡೀತಿರೋ ಹೋಟ್ಲು ಮೂರು ದಿನ ಬಾಗ್ಲು ಹಾಕಿದ್ರೆ ಗಿರಾಕಿ ಎದುರುಗಡೆಯವನ ಹತ್ರ ಹೋಗ್ಬಿಡ್ತಾನೆ. ನಾನು ನಮ್ಮಪ್ಪ ತೀರ್ಕೊಂಡಾಗ ಬಿಟ್ರೆ ಬಾಗ್ಲು ಹಾಕಿದೋನಲ್ಲ. ಇವರು ಸಪ್ಲೈ ಮಾಡೋರನ್ನೆಲ್ಲ ತೆಗೆದ್ರು, ಪಿಂಗಾಣಿ ತಟ್ಟೆ ತೆಗೆದ್ರು, 25 ಐಟಂನ 9ಕ್ಕೆ ಇಳಿಸಿದ್ರು. ಇನ್ನು ಕೆಲವು ವರ್ಷ ಆದ್ಮೇಲೆ, 1950ರ ದಶಕದ ಶುರುವಲ್ಲಿ ಹೊಸ ಕಟ್ಟಡಕ್ಕೆ ಪ್ಲಾನ್ ಮಾಡೋವಾಗ, ಟೆನ್ನಿಸ್ ಕೋರ್ಟಲ್ಲಿ ಸೀಮೆಸುಣ್ಣದಲ್ಲಿ ಅಡುಗೆಮನೆ ನಕ್ಷೆನ ನಿಜವಾದ ಅಳತೇಲೇ ಬರೆದು, ಕೆಲಸದೋರನ್ನ ಅದರೊಳಗೆ ನಿಲ್ಲಿಸಿ, ಬೇಯಿಸೋ ಥರ, ಕಟ್ಟೋ ಥರ ಓಡಾಡ್ಸಿ, ಯಾರು ಎಲ್ಲಿ ತಿರುಗ್ಬೇಕು, ಎಷ್ಟು ಹೆಜ್ಜೆ ಇಡ್ಬೇಕು ನೋಡಿದ್ರಂತೆ. ರಾತ್ರಿ ಮಳೆ ಬಂದು ಬರೆದಿದ್ದೆಲ್ಲ ಅಳಿಸಿ ಹೋಗಿ, ಮತ್ತೆ ಬರೆದ್ರು. ದೋಸೆ ಹಂಚಿನ ಮುಂದೆ ನಿಂತ ಭಟ್ಟರಿಗೆ ಹಿಟ್ಟಿನ ಪಾತ್ರೆ ಎಡಗೈಗೆ, ಎಣ್ಣೆ ಬಲಗೈಗೆ ಸಿಗದೇ ಹೋದ್ರೆ ಭಾನುವಾರ ಬೆಳಗ್ಗೆ ಏನಾಗುತ್ತೆ ಅಂತ ಗೊತ್ತಿರೋರಿಗೆ ಈ ಟೆನ್ನಿಸ್ ಕೋರ್ಟಿನ ಬೆಲೆ ಗೊತ್ತಾಗುತ್ತೆ. ಎಷ್ಟೋ ವರ್ಷ ನಮ್ಮ ಕೈ ತೊಳೆಯೋ ನಲ್ಲಿ ಪಾರ್ಸೆಲ್ ಕಟ್ಟೋನ ಹಿಂದೆ ಇತ್ತು, ದಿನಾ ಒಬ್ಬರಿಗೊಬ್ಬರು ಡಿಕ್ಕಿ, ಅದನ್ನ ಎರಡಡಿ ಸರಿಸೋಣ ಅಂತ ಹೊಳೀಲೇ ಇಲ್ಲ ನಮಗೆ.

1948ರ ಡಿಸೆಂಬರ್ 12ಕ್ಕೆ ಮತ್ತೆ ಬಾಗ್ಲು ತೆಗೆದ್ರು. ಹ್ಯಾಂಬರ್ಗರ್ 15 ಸೆಂಟು, ಬೇರೆ ಕಡೆ ಅದರ ಡಬಲ್ ಇತ್ತು. ಮೊದಮೊದಲು ಜನ ಕಾರಲ್ಲೇ ಕೂತು ಹಾರನ್ ಹೊಡೀತಿದ್ರಂತೆ, ಹುಡ್ಗೀರು ಎಲ್ಲಿ ಅಂತ. ವ್ಯಾಪಾರ ಬಿದ್ದೋಯ್ತು. ಆಮೇಲೆ ನಿಧಾನಕ್ಕೆ ಕಿಟಕಿ ಹತ್ರ ಕ್ಯೂ ಶುರುವಾಯ್ತು, ಮಕ್ಕಳನ್ನ ಕರ್ಕೊಂಡು ಸಂಸಾರಸ್ಥರು ಬರೋಕೆ ಶುರು ಮಾಡಿದ್ರು. ದುಡ್ಡು ಕೊಟ್ಟು, ನಿಂತು, ಕಣ್ಮುಂದೆ ಮಾಡಿದ್ದನ್ನ ತಗೊಂಡು ಹೋಗೋದು. ಬೆಂಗಳೂರಲ್ಲಿ 1980ರ ದಶಕದಲ್ಲಿ ದರ್ಶಿನಿಗಳು ಬಂದಾಗ ನಮ್ಮೂರ ಹೋಟ್ಲಿನೋರು ಕೂಡ "ನಿಂತ್ಕೊಂಡು ಯಾರು ತಿಂತಾರೆ" ಅಂದಿದ್ರು, ಈಗ ನೋಡಿ.

1954ರಲ್ಲಿ ರೇ ಕ್ರಾಕ್ ಅಂತ ಮಿಲ್ಕ್ ಶೇಕ್ ಮಿಕ್ಸರ್ ಮಾರೋ ಸೇಲ್ಸ್‌ಮನ್ ಬಂದ. ಒಂದೇ ಸಲ ಐದು ಶೇಕ್ ಮಾಡೋ ಮಿಕ್ಸರು, ಒಂದು ಚಿಕ್ಕ ಹೋಟ್ಲಿಗೆ ಎಂಟೆಂಟು ಯಾಕೆ ಬೇಕು ಅಂತ ನೋಡೋಕೆ ಬಂದೋನು ಬ್ರಾಂಚ್ ಹಾಕೋ ಏಜೆಂಟ್ ಆದ, 1955ರಲ್ಲಿ ಶಿಕಾಗೋ ಹತ್ರ ತನ್ನದೇ ಒಂದು ತೆಗೆದ, 1961ರಲ್ಲಿ 27 ಲಕ್ಷ ಡಾಲರ್ ಕೊಟ್ಟು ಎಲ್ಲಾನೂ ಕೊಂಡ್ಕೊಂಡ. ಸ್ಯಾನ್ ಬರ್ನಾರ್ಡಿನೋ ಹೋಟ್ಲು ಮಾತ್ರ ಅಣ್ಣತಮ್ಮಂದಿರ ಹತ್ರ ಉಳೀತು, ಆದ್ರೆ ಹೆಸರು ಮಾರಿಬಿಟ್ಟಿದ್ರಲ್ಲ, ತಮ್ಮ ಮನೆತನದ ಹೆಸರನ್ನೇ ಬೋರ್ಡಿಂದ ತೆಗೆದು ದಿ ಬಿಗ್ ಎಂ ಅಂತ ಹಾಕ್ಬೇಕಾಯ್ತು. ಕ್ರಾಕ್ ಹತ್ರದಲ್ಲೇ ಮೆಕ್‌ಡೊನಾಲ್ಡ್ಸ್ ಅಂತ ಬೋರ್ಡ್ ಹಾಕಿ ಹೊಸ ಹೋಟ್ಲು ತೆಗೆದ. ಕೆಲವೇ ವರ್ಷಕ್ಕೆ ಬಿಗ್ ಎಂ ಬಾಗ್ಲು ಹಾಕ್ತು.

ದುಡ್ಡು ಕಮ್ಮಿ ಏನಲ್ಲ, ತೆರಿಗೆ ಕಳೆದು ಒಬ್ಬೊಬ್ಬರಿಗೆ 10 ಲಕ್ಷ ಡಾಲರ್ ಉಳೀತು, ಆ ಕಾಲಕ್ಕೆ ಭಾರೀ ದುಡ್ಡು. ಆದ್ರೂ ನಮ್ಮ ಹೋಟ್ಲು ಮಾರಿದ ದಿನ ತಗೊಂಡೋನು ಬೋರ್ಡ್ ಇಳಿಸೋವಾಗ ನನ್ನ ತಮ್ಮ ಅಲ್ಲಿ ನಿಲ್ಲಲಾರದೆ ಎದ್ದು ಹೋಗಿದ್ದ. ಅದಕ್ಕೇ ನಾನು ಆ ಹಳೇ ಬೋರ್ಡ್ ತುಂಡಿನ ಮುಂದೆ ಅಷ್ಟೊತ್ತು ನಿಂತಿದ್ದು.

ಈಗ ರೂಮಿನ ವಿಷಯ. ಇದನ್ನ ಬರೆಯೋಕೆ ಮುಖ್ಯ ಕಾರಣನೇ ಇದು. ಅವತ್ತೇ ವಾಪಸ್ ಬಂದಿದ್ರೆ ಏನೂ ತೊಂದ್ರೆ ಇರ್ತಿರಲಿಲ್ಲ, ಬೆಳಗ್ಗೆ ನಿಧಾನಕ್ಕೆ ದಾರೀಲಿ ಸಿಗೋ ಬಾಲ್ಡ್‌ವಿನ್ ಪಾರ್ಕ್ ಅನ್ನೋ ಊರು ನೋಡ್ಕೊಂಡು ಹೋಗೋಣ ಅಂತ ಒಂದು ಮೋಟೆಲಲ್ಲಿ ರೂಮ್ ಬುಕ್ ಮಾಡಿದ್ವಿ. ಫೋನಲ್ಲಿ ತೋರಿಸಿದ್ದು 84 ಡಾಲರ್. ಹೋದ್ಮೇಲೆ ಟ್ಯಾಕ್ಸ್, ಅದೇನೋ ಸೌಕರ್ಯದ ಫೀ, ಕಾರೇ ಇಲ್ಲದ ನಮಗೆ ಪಾರ್ಕಿಂಗ್ ಫೀ, ಎಲ್ಲ ಸೇರಿ 127. ಅದರ ಮೇಲೆ 100 ಡಾಲರ್ ಡೆಪಾಸಿಟ್. ಪಾರ್ಕಿಂಗ್ ದುಡ್ಡು ಯಾಕೆ, ನಾವು ಟ್ರೈನಲ್ಲಿ ಬಂದೋರು ಅಂದ್ರೆ "ಎಲ್ಲಾ ರೂಮಿಗೂ ಹಾಕ್ತೀವಿ" ಅಂದ ಕೌಂಟರ್ ಹುಡುಗ. ರೂಮಲ್ಲಿ ಎಸಿ ಓಡ್ತಿತ್ತು, ತಣ್ಣಗೆ ಮಾಡ್ತಿರಲಿಲ್ಲ, ಶಬ್ದ ಮಾತ್ರ ಹಿಟ್ಟಿನ ಗಿರಣಿ ಥರ. ಬಾತ್‌ರೂಮಲ್ಲಿ ಬಕೆಟ್ ಇರಲ್ಲ ಅನ್ನೋದು ಗೊತ್ತಿತ್ತು, ಬಾಗಿಲಿಗೆ ಚಿಲಕನೂ ಸರಿಯಿಲ್ಲ ಅನ್ನೋದು ಗೊತ್ತಿರಲಿಲ್ಲ. ಕುರ್ಚಿ ಅಡ್ಡ ಇಟ್ಟು ಮಲಗಿದ್ವಿ. ಡೆಪಾಸಿಟಲ್ಲಿ ವಾಪಸ್ ಬಂದಿದ್ದು 75, ಅದೂ ಹನ್ನೊಂದು ದಿನ ಆದ್ಮೇಲೆ, 25 ಯಾಕೆ ಹಿಡಿದ್ರು ಅಂತ ಅಳಿಯ ಎರಡು ಸಲ ಫೋನ್ ಮಾಡಿದ್ರೂ ಉತ್ತರ ಇಲ್ಲ. "ಮಾವ, ಬಿಡಿ, ನಾನ್ ನೋಡ್ಕೋತೀನಿ" ಅಂದ, ಆದ್ರೆ 25 ಡಾಲರ್ ಅಂದ್ರೆ ಎರಡು ಸಾವಿರ ರೂಪಾಯಿ ದಾಟುತ್ತೆ, ಬಿಡೋದು ಹೇಗೆ. ಆ ಊರಲ್ಲಿ ರಾತ್ರಿ ಉಳಿಯೋಕೆ ಕಾರಣನೇ ಇಲ್ಲ. ಬೆಳಗ್ಗೆ ಟ್ರೈನಿಗೆ ಹೋಗಿ ಸಂಜೆ ಟ್ರೈನಿಗೆ ಬನ್ನಿ. ಬುಕ್ ಮಾಡಲೇಬೇಕು ಅಂದ್ರೆ ಕೊನೇ ಪೇಜಿನ ಒಟ್ಟು ಮೊತ್ತ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ, ಒಳಗೆ ಹೋದ ತಕ್ಷಣ ರೂಮಿನ ವಿಡಿಯೋ ಮಾಡ್ಕೊಳ್ಳಿ.

ಬುಧವಾರ ವಾಪಸ್ ಬರ್ತಾ ಅದೇ ಲೈನಲ್ಲಿ ಬಾಲ್ಡ್‌ವಿನ್ ಪಾರ್ಕ್ ಸ್ಟೇಷನ್ನಲ್ಲಿ ಇಳಿದ್ವಿ. ಇಲ್ಲಿ ಇರೋದು ಇನ್-ಎನ್-ಔಟ್ ಬರ್ಗರ್ ಶುರುವಾದ ಜಾಗ. ಹ್ಯಾರಿ ಸ್ನೈಡರ್, ಎಸ್ತರ್ ಸ್ನೈಡರ್, ಗಂಡ ಹೆಂಡತಿ, 1948ರ ಅಕ್ಟೋಬರ್ 22ಕ್ಕೆ ಶುರು ಮಾಡಿದ್ರು, ಅಂದ್ರೆ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು ಬಾಗ್ಲು ಹಾಕ್ಕೊಂಡು ಕಿಚನ್ ಬದಲಾಯಿಸ್ತಿದ್ದ ಅದೇ ತಿಂಗಳುಗಳು. ಹತ್ತಡಿ ಹತ್ತಡಿ ಗೂಡಂಗಡಿ. ಕಾರ್ ನಿಲ್ಲಿಸಿ ಕೂರೋ ಬದಲು ಡಬ್ಬದಂಥ ಸ್ಪೀಕರಲ್ಲಿ ಆರ್ಡರ್ ಹೇಳಿ ಮುಂದೆ ಹೋಗಿ ತಗೊಂಡು ಹೊರಡೋದು. ಮೂಲ ಅಂಗಡಿ ಹೈವೇ ಮಾಡೋಕೆ ಅಂತ ಒಡೆದು ಹೋಯ್ತು, 2014ರಲ್ಲಿ ಹತ್ತಿರದಲ್ಲೇ ಅದರ ಪಡಿಯಚ್ಚು ಕಟ್ಟಿದಾರೆ. ಆದ್ರೆ ಅದು ವಾರದ ಕೊನೇ ದಿನಗಳಲ್ಲಿ ಮಾತ್ರ, ಅದೂ ಮಧ್ಯಾಹ್ನ ಕೆಲವೇ ಗಂಟೆ ತೆಗೆದಿರುತ್ತೆ. ಬುಧವಾರ ಹೋದ ನಮಗೆ ಬೇಲಿ ಆಚೆಯಿಂದಲೇ ದರ್ಶನ. ಹೋಗೋ ಮುಂಚೆ ಟೈಮ್ ನೋಡ್ಕೊಳ್ಳಿ, ಮತ್ತೆ ಅಲ್ಲೂ ಬರಿ ನೋಡೋದಷ್ಟೇ, ತಿನ್ನೋಕೆ ಸಿಗಲ್ಲ.

ತಿನ್ನೋಕೆ ಪಕ್ಕದಲ್ಲೇ ಈಗಿನ ಇನ್-ಎನ್-ಔಟ್ ಇದೆ. ಇಲ್ಲಿ ನಾನು ಮನಸ್ಸು ತುಂಬಿ ಹೊಗಳ್ತೀನಿ, ಯಾಕಂದ್ರೆ ಇಡೀ ಎರಡು ದಿನದಲ್ಲಿ ಹೊಟ್ಟೆ ತಣ್ಣಗಾಗಿದ್ದು ಇಲ್ಲೇ. ನಮ್ಮದು ಪೂರ್ತಿ ವೆಜ್ಜು. ಮೆನು ಬೋರ್ಡಲ್ಲಿ ಬರೀ ಬೀಫು, ಚಿಕನ್ ಕೂಡ ಇಲ್ಲ. ಆದ್ರೆ ಬೋರ್ಡಲ್ಲಿ ಇಲ್ಲದ್ದನ್ನೂ ಕೇಳಿದ್ರೆ ಮಾಡ್ಕೊಡ್ತಾರೆ. "ಗ್ರಿಲ್ಡ್ ಚೀಸ್" ಅಂತ ಕೇಳಿ, ಬನ್ನು, ಎರಡು ಚೀಸು, ಟೊಮೇಟೊ, ಲೆಟಿಸ್ ಸೊಪ್ಪು, ಈರುಳ್ಳಿ, ಪ್ಯಾಟಿ ಇರಲ್ಲ. ಅವರ ಸಾಸ್‌ನಲ್ಲಿ ಮೊಟ್ಟೆ ಇದೆ, ಬೇಡ ಅನ್ನೋರು "ಸ್ಪ್ರೆಡ್ ಬೇಡ, ಕೆಚಪ್ ಹಾಕಿ" ಅನ್ನಿ. ಈರುಳ್ಳಿ ಹಸೀದೇ ಕೇಳಿ, ಹುರಿದಿದ್ದು ಪ್ಯಾಟಿ ಬೇಯಿಸೋ ಹಂಚಲ್ಲೇ ಹುರಿಯೋದು. ಬನ್ನೂ ಅದೇ ಕಡೆ ಬಿಸಿ ಮಾಡ್ತಾರೆ, ಅಷ್ಟು ಮಡಿ ಇರೋರಿಗೆ ಆಗಲ್ಲ, ನನ್ನ ಹೆಂಡ್ತಿ ಬನ್ ಮುಟ್ಟಲಿಲ್ಲ, ಫ್ರೈಸ್ ಮಾತ್ರ ತಿಂದ್ಲು.

ಆ ಫ್ರೈಸ್ ಬಗ್ಗೆ ಹೇಳ್ಲೇಬೇಕು. ಕಣ್ಮುಂದೆ ಆಲೂಗಡ್ಡೆ ಇಟ್ಟು ಹಿಡಿ ಒತ್ತಿ ಕತ್ತರಿಸ್ತಾರೆ, ಫ್ರೀಜರಿಂದ ತೆಗೆದಿದ್ದಲ್ಲ. ಸೂರ್ಯಕಾಂತಿ ಎಣ್ಣೆ. ಮೆನುನಲ್ಲಿ ಕರಿಯೋ ಐಟಂ ಅಂದ್ರೆ ಇದೊಂದೇ, ಹಂಗಾಗಿ ಆ ಎಣ್ಣೆಗೆ ಮಾಂಸ ಬೀಳೋ ಪ್ರಶ್ನೆನೇ ಇಲ್ಲ. ಎಣ್ಣೆ ಬಣ್ಣ ನೋಡಿದ್ರೇ ನಂಗೆ ಗೊತ್ತಾಗುತ್ತೆ ಎಷ್ಟು ದಿನದ್ದು ಅಂತ, ಇದು ಚೊಕ್ಕ ಇತ್ತು. ಮಾಮೂಲಿ ಕೊಟ್ರೆ ಸ್ವಲ್ಪ ಮೆತ್ತಗೆ ಇರುತ್ತೆ, "ವೆಲ್ ಡನ್" ಅಂತ ಹೇಳಿ, ಗರಿಗರಿ ಮಾಡ್ಕೊಡ್ತಾರೆ. ಮತ್ತೆ "ಚಿಲ್ಲೀಸ್" ಕೇಳಿ, ಹಳದಿ ಮೆಣಸಿನಕಾಯಿ ಉಪ್ಪಲ್ಲಿ ಹಾಕಿದ್ದು, ಪುಟ್ಟ ಪ್ಯಾಕೆಟ್ಟು, ಫ್ರೀ. ನಮ್ಮ ಬಾಳಕದ ಮೆಣಸಿನಕಾಯಿಯಷ್ಟು ಖಾರ ಇಲ್ಲ, ಆದ್ರೆ ಸಪ್ಪೆ ಊಟ ತಿಂದು ತಿಂದು ಬೇಜಾರಾದ ನಾಲಿಗೆಗೆ ಅದು ಸಿಕ್ಕಿದಾಗ ಕಣ್ಣಲ್ಲಿ ನೀರು ಬಂತು, ನಾಲ್ಕು ಪ್ಯಾಕೆಟ್ ಕೇಳಿದ್ರೂ ಆ ಹುಡ್ಗಿ ನಗ್ತಾನೇ ಕೊಟ್ಲು. ಇಬ್ಬರಿಗೂ ಸೇರಿ ಆಗಿದ್ದು ಆ ಮೋಟೆಲಿನ ಪಾರ್ಕಿಂಗ್ ಫೀಗಿಂತ ಕಮ್ಮಿ. ಇವರು ಬ್ರಾಂಚನ್ನ ಯಾರಿಗೂ ಫ್ರಾಂಚೈಸಿ ಕೊಟ್ಟಿಲ್ಲ, ಇವತ್ತಿಗೂ ಸ್ನೈಡರ್ ಮೊಮ್ಮಗಳ ಕೈಲೇ ಇದೆ. ಅದು ಗೊತ್ತಾದಾಗ ನಂಗೆ ಬಹಳ ಸಂತೋಷ ಆಯ್ತು.

ಮೆಕ್‌ಡೊನಾಲ್ಡ್ಸ್ ಫ್ರೈಸ್ ವಿಷಯ ಬೇರೆ, ಇದನ್ನ ಊರಿಂದ ಬರೋ ಪ್ರತಿಯೊಬ್ಬರೂ ತಿಳ್ಕೊಂಡಿರ್ಬೇಕು. ಅಮೆರಿಕಾದಲ್ಲಿ ಅವರು 1990ರ ತನಕ ದನದ ಕೊಬ್ಬಲ್ಲಿ ಕರೀತಿದ್ರು. ಆಮೇಲೆ ಸಸ್ಯದೆಣ್ಣೆ ಅಂದ್ರು, ಆದ್ರೆ ರುಚಿಗೆ ಬೀಫ್ ಫ್ಲೇವರ್ ಹಾಕ್ತಿದ್ರು, ಅದನ್ನ ಬಾಯ್ಬಿಟ್ಟು ಹೇಳಿರಲಿಲ್ಲ. 2001ರಲ್ಲಿ ಸಿಯಾಟಲ್ಲಿನ ಹರೀಶ್ ಭಾರ್ತಿ ಅನ್ನೋ ವಕೀಲರು ಕೇಸ್ ಹಾಕಿದ್ರು, 2002ರಲ್ಲಿ ಕಂಪ್ನಿ ಕ್ಷಮೆ ಕೇಳಿ, ಹಿಂದೂಗಳದ್ದು, ಸಸ್ಯಾಹಾರಿಗಳದ್ದು, ಹೀಗೆ ಬೇರೆ ಬೇರೆ ಸಂಸ್ಥೆಗಳಿಗೆ 1 ಕೋಟಿ ಡಾಲರ್ ಕೊಡೋಕೆ ಒಪ್ತು. ಇವತ್ತಿಗೂ ಅಮೆರಿಕಾದ ಪಟ್ಟಿಯಲ್ಲಿ ಬೀಫ್ ಫ್ಲೇವರ್ ಅಂತ ಬರೆದೇ ಇದೆ. ನಮ್ಮ ದೇಶದಲ್ಲಿ ಹಾಕಲ್ಲ. ಬೆಂಗಳೂರಲ್ಲಿ ತಿಂದ ಅಭ್ಯಾಸದ ಮೇಲೆ ಅಲ್ಲಿ ಮಕ್ಕಳಿಗೆ ಕೊಡಿಸ್ಬೇಡಿ.

ಹಾಗಿದ್ರೂ ಲಾಸ್ ಏಂಜಲೀಸ್ ಹತ್ರ ಡೌನಿ ಅನ್ನೋ ಊರಲ್ಲಿರೋ ಹಳೇ ಮೆಕ್‌ಡೊನಾಲ್ಡ್ಸ್‌ಗೆ ಹೋಗಿ ಅಂತೀನಿ, ಯಾಕೆ? ನೋಡೋಕೆ. ಭಾನುವಾರ ಅಳಿಯ ಕಾರಲ್ಲಿ ಕರ್ಕೊಂಡು ಹೋದ. ಲೇಕ್‌ವುಡ್ ಬೊಲೆವಾರ್ಡ್ ಫ್ಲಾರೆನ್ಸ್ ಅವೆನ್ಯೂ ಮೂಲೆ. 1953ರ ಆಗಸ್ಟಲ್ಲಿ, ಕ್ರಾಕ್ ಬರೋಕೂ ಮುಂಚೆ, ಅಣ್ಣತಮ್ಮಂದಿರಿಂದಲೇ ನೇರವಾಗಿ ಫ್ರಾಂಚೈಸಿ ತಗೊಂಡು ಕಟ್ಟಿದ್ದು, ಇವತ್ತಿಗೂ ನಿಂತಿರೋದರಲ್ಲಿ ಎಲ್ಲಕ್ಕಿಂತ ಹಳೇದು. ಕೆಂಪು ಬಿಳಿ ಟೈಲ್ಸು, ಓರೆಯಾಗಿ ಚಾಚಿದ ಚಾವಣಿ, ಆ ಚಾವಣಿನ ಸೀಳ್ಕೊಂಡು ಎರಡು ಕಡೆ ಹಳದಿ ಕಮಾನು. ಆರ್ಕಿಟೆಕ್ಟ್ ಸ್ಟ್ಯಾನ್ಲಿ ಮೆಸ್ಟನ್ ಹತ್ರ ಡಿಕ್ ಹಟ ಹಿಡಿದು ಮಾಡಿಸಿದ ಕಮಾನು ಅದು. ಈಗಿನ ಎಂ ಅಕ್ಷರ ಹುಟ್ಟಿದ್ದು ಆ ಎರಡು ಕಮಾನು ಪಕ್ಕದಿಂದ ನೋಡಿದಾಗ ಕಾಣೋ ರೀತಿಯಿಂದ. ಮುಂದೆ 60 ಅಡಿ ಎತ್ತರದ ನಿಯಾನ್ ಬೋರ್ಡು, ಅದರ ಮೇಲೆ ಸ್ಪೀಡಿ ಅಂತ ಓಡೋ ಅಡುಗೆಯವ್ನ ಚಿತ್ರ. ಕತ್ತಲಾದ್ಮೇಲೆ ಹೋಗಿ, ದೀಪ ಹತ್ತಿದಾಗ ಕಾಲು ಓಡೋ ಥರ ಕಾಣುತ್ತೆ. 1994ರ ಭೂಕಂಪ ಆದ್ಮೇಲೆ ಇದನ್ನೂ ಮುಚ್ಚಿ ಕೆಡವೋಕೆ ಹೊರಟಿದ್ರು, ಊರಿನೋರು ಗಲಾಟೆ ಮಾಡಿ ಉಳಿಸ್ಕೊಂಡ್ರು, 1996ರ ಕೊನೇಲಿ ಮತ್ತೆ ತೆಗೆದ್ರು.

ಕಿಟಕಿ ಹತ್ರ ನಿಂತು ಆರ್ಡರ್ ಕೊಡಿ, ಹೊರಗಡೆ ಬೆಂಚಿದೆ ಕೂತ್ಕೊಳ್ಳಿ. ಪಕ್ಕದಲ್ಲಿ ಹಳೇ ಸಾಮಾನಿಟ್ಟಿರೋ ಚಿಕ್ಕ ರೂಮಿದೆ. ಈಗ ಬೇರೆ ಕಡೆ ಓವನ್ನಲ್ಲಿ ಮಾಡೋ ಆಪಲ್ ಪೈನ ಇಲ್ಲಿ ಹಳೇ ಥರ ಎಣ್ಣೇಲಿ ಕರೀತಾರೆ, ಮೊಮ್ಮಗ ಎರಡು ತಿಂದ. ಮಿಕ್ಕ ಐಟಂ ಕರಿಯೋ ಎಣ್ಣೆನಾ ಬೇರೆದಾ ಅಂತ ಮಡಿಯೋರು ಕೇಳಿ ತಗೊಳ್ಳಿ, ನಾವು ಬರೀ ಕಾಫಿ ಕುಡಿದ್ವಿ.

ಇನ್ನೊಂದು. ಡೌನಿಯಿಂದ ಕಾರಲ್ಲಿ ಇಪ್ಪತ್ತು ನಿಮಿಷಕ್ಕೆ ಆರ್ಟೀಸಿಯಾ, ಪಯೋನಿಯರ್ ಬೊಲೆವಾರ್ಡ್ ತುಂಬ ನಮ್ಮ ದೇಶದ ಅಂಗಡಿ ಹೋಟ್ಲುಗಳು. ಹೆಂಗಸರು ಮಡಿಯೋರು ಇದ್ರೆ ಮೊದಲು ಅಲ್ಲಿ ಹೊಟ್ಟೆ ತುಂಬ ಊಟ ಮಾಡಿಸಿ, ಸಂಜೆ ಏಳರ ಹೊತ್ತಿಗೆ ಡೌನಿಗೆ ಬನ್ನಿ, ಆಗ ದೀಪಾನೂ ಹತ್ತಿರುತ್ತೆ. ಆಗಸ್ಟಲ್ಲಾದ್ರೆ ಎಂಟಾಗ್ಬೇಕು, ಅಲ್ಲಿ ಕತ್ತಲಾಗೋದು ತಡ.